ಅರಿಜೋನಾದಲ್ಲಿ ಅಗ್ಗದ ಜಾಗ ಕೊಳ್ಳುವ ಮುಂಚೆ

ಫೀನಿಕ್ಸ್‌ನಲ್ಲಿ ಬಾಡಿಗೆ ಕಟ್ಟಿ ಸುಸ್ತಾದವರಿಗೆ, ಕಿಂಗ್‌ಮನ್ ಕಡೆ ಹಳೇ ಕಾರಿನ ದುಡ್ಡಿಗೆ ಒಂದೆರಡು ಎಕರೆ ಸಿಗುತ್ತದೆ ಅಂದರೆ ಆಸೆ ಆಗುತ್ತದೆ, ಅಲ್ವಾ? ನನಗೂ ಆಯಿತು. ರಾತ್ರಿ ಅಲ್ಲಿ ನಿಂತರೆ ಆಕಾಶದ ತುಂಬಾ ಚುಕ್ಕಿ.

ಮೊದಲು ನೀರು ನೋಡಿ. 2023ರ ಜನವರಿ 1ರಿಂದ ಫೀನಿಕ್ಸ್ ಹತ್ತಿರದ ಸ್ಕಾಟ್ಸ್‌ಡೇಲ್ ನಗರ, ತನ್ನ ಗಡಿಯಾಚೆಯ ರಿಯೋ ವರ್ಡೆ ಫುಟ್‌ಹಿಲ್ಸ್ ಅನ್ನೋ ವಸತಿ ಪ್ರದೇಶದ ಮನೆಗಳಿಗೆ ಹೋಗುವ ಟ್ಯಾಂಕರ್‌ಗಳಿಗೆ ನೀರು ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ರಾಜ್ಯದ ಜಲ ಇಲಾಖೆಯ ವೆಬ್‌ಸೈಟಿನಲ್ಲಿ ಅಕ್ಕಪಕ್ಕದ ಬೋರ್‌ವೆಲ್‌ಗಳ ಆಳ ಹುಡುಕಿ. ನಾನು ಮೆಚ್ಚಿದ ಜಾಗದ ಪಕ್ಕದ್ದು 700 ಅಡಿ! ಕೊರೆಸುವ ಖರ್ಚು ಜಾಗದ ಬೆಲೆಗಿಂತ ಜಾಸ್ತಿ.

ಆಮೇಲೆ ದಾರಿ. ನಕ್ಷೆಯಲ್ಲಿ ಗೆರೆ ಇದ್ದರೆ ಸಾಲದು. ಓಡಾಡುವ ಹಕ್ಕು ಟೈಟಲ್ ರಿಪೋರ್ಟ್‌ನಲ್ಲಿ, ಅಂದರೆ ಜಾಗದ ಒಡೆತನ ಮತ್ತು ಹಕ್ಕುಗಳ ವರದಿಯಲ್ಲಿ, ಇರಬೇಕು.

ಜಾಗ ನೋಡದೆ ಸುಮ್ನೆ ಫೋಟೋ ನಂಬಿ ಅಡ್ವಾನ್ಸ್ ಕೊಡಬೇಡಿ. ಏಜೆಂಟ್ 'ಸಮತಟ್ಟು' ಅಂದಿದ್ದರು. ಹೋಗಿ ನೋಡಿದರೆ ನಡುವೆ ಒಣ ಹಳ್ಳ, ಇಲ್ಲಿಯವರು ವಾಶ್ ಅನ್ನುತ್ತಾರೆ. ಪೊದೆಗಳಲ್ಲಿ ನನ್ನ ಸೊಂಟದೆತ್ತರಕ್ಕೆ ಕಸಕಡ್ಡಿ ಸಿಕ್ಕಿಕೊಂಡಿತ್ತು. ಜುಲೈ, ಆಗಸ್ಟ್ ಮಳೆಗೆ ನೀರು ಅಷ್ಟೆತ್ತರ ಬರುತ್ತದೆ.

ಸೆಪ್ಟಿಕ್ ಟ್ಯಾಂಕಿಗೆ ಮಣ್ಣಿನ ಪರೀಕ್ಷೆಯೂ ಬೇಕು. ಕೆಳಗೆ ಕಲೀಚೆ ಇದ್ದರೆ, ಅದು ಸಿಮೆಂಟಿನಂಥ ಸುಣ್ಣದ ಪದರ, ಹಾರೆಯೂ ಇಳಿಯದು.