ಫೋನ್ ಫೋಟೋದಲ್ಲೇ ಬಾರ್ಟನ್ ಗೋಪುರದ ನಕ್ಷೆ: ನನ್ನ ಅನುಭವ

ಇಂಗ್ಲೆಂಡಿನ ಬಾರ್ಟನ್-ಅಪಾನ್-ಹಂಬರ್‌ನ ಸೇಂಟ್ ಪೀಟರ್ಸ್ ಚರ್ಚಿನ ಗೋಪುರ, ಅದರ ದಕ್ಷಿಣ ಗೋಡೆಯ ನಕ್ಷೆ ಕೊನೆಗೂ ಸರಿಯಾಗಿ ಬಂತು. ಲೇಸರ್ ಸ್ಕ್ಯಾನರ್ ಇಲ್ಲದೆ ಆಗಲ್ಲ ಅಂದವರೇ ಜಾಸ್ತಿ. ನಾನು ಮಾಡಿದ್ದು ಹಳೇ ಫೋನು ಮತ್ತು ಫೋಟೋಗಳನ್ನು ಜೋಡಿಸಿ ಮೂರು ಆಯಾಮದ ಮಾಡೆಲ್ ಮಾಡುವ ಬಿಟ್ಟಿ ಸಾಫ್ಟ್‌ವೇರಿನಲ್ಲಿ.

ಮೊದಲ ಸಲ 200 ಫೋಟೋ ತೆಗೆದೆ. ಮಾಡೆಲ್ ನೋಡಿದರೆ ಗೋಡೆ ಬಾಣಲೆ ತರಹ ಬಾಗಿತ್ತು. ಎಲ್ಲವನ್ನೂ ಗೋಡೆಗೆ ನೇರವಾಗಿ ನಿಂತು ತೆಗೆದಿದ್ದೇ ತಪ್ಪು. ಎರಡನೇ ಸಲ ಓರೆಯಾಗಿಯೂ ತೆಗೆದೆ, ಬಾಗು ಹೋಯಿತು. ಆದರೆ ಅವತ್ತು ಒಳ್ಳೆ ಬಿಸಿಲು. ಗೋಡೆಯಿಂದ ಉಬ್ಬಿ ನಿಂತ ಅಲಂಕಾರದ ಕಲ್ಲುಪಟ್ಟಿಗಳ ನೆರಳು ಗಂಟೆಗೊಂದು ಕಡೆ ಸರಿದು ಅಂಚುಗಳೆಲ್ಲ ಎರಡೆರಡು ಕಾಣಿಸಿದವು. ಪಟ್ಟಿಗಳ ನಡುವೆ ಬರೀ ಗಾರೆ. ಸಾಫ್ಟ್‌ವೇರಿಗೆ ಹಿಡಿದುಕೊಳ್ಳೋಕೆ ಗುರುತೇ ಸಿಗದೆ ಅಲ್ಲೆಲ್ಲ ತೂತು ಬಿತ್ತು. ಮೂರನೇ ಸಲ ಮೋಡ ಕವಿದ ದಿನ ಹೋಗಿ, ಹತ್ತಿರದಿಂದ, ಒಂದರ ಮೇಲೊಂದು ಮುಕ್ಕಾಲು ಭಾಗ ಕೂಡುವ ಹಾಗೆ 600ರ ಹತ್ತಿರ ತೆಗೆದೆ. ಅದು ಕೂತಿತು. ಬಾಗಿಲ ಹತ್ತಿರ ಟೇಪ್ ಹಿಡಿದು ತಾಳೆ ನೋಡಿದೆ. ವ್ಯತ್ಯಾಸ ಒಂದೂವರೆ ಸೆಂಟಿಮೀಟರ್ ಒಳಗೇ!

ಖರ್ಚು? ಫೋನ್ ಮೇಲೆತ್ತೋ ಉದ್ದ ಕೋಲಿಗೆ 35 ಪೌಂಡ್ ಆಯಿತು. ಹಲ್ ನಗರದಿಂದ ಹಂಬರ್ ಸೇತುವೆ ದಾಟೋಕೆ ಹೋಗಿ ಬರುವ ಟೋಲ್ 3 ಪೌಂಡ್, ಅದೂ ಆರೇಳು ಸಲ. ಪೆಟ್ರೋಲ್ ಸೇರಿ ನೂರು ದಾಟಿಲ್ಲ. ಅಷ್ಟು ಎತ್ತರದಲ್ಲಿ ಫೋನ್ ಅಲುಗಾಡದ ಹಾಗೆ ಕೋಲಿಗೆ ಹೇಗೆ ಕಟ್ಟಿದೆ ಅನ್ನೋದನ್ನು ಈಗಲೇ ಹೇಳಲ್ಲ. ಉತ್ತರದ ಗೋಡೆ ಇನ್ನೂ ಬಾಕಿ ಇದೆ.

ನನಗೆ ಈ ಗೋಡೆಯೇ ಬೇಕಿತ್ತು. ಕೆಳಗಿನ ಸಾಲಿನ ಕಲ್ಲುಪಟ್ಟಿಗಳು ಅರ್ಧ ವೃತ್ತದ ಕಮಾನಾಗಿ ಕೂಡುತ್ತವೆ. ಮೇಲಿನ ಸಾಲಿನವು ಆ ಕಮಾನುಗಳ ನೆತ್ತಿಯ ಮೇಲೆ ನಿಂತು ಮೊನಚಾದ ತ್ರಿಕೋನವಾಗುತ್ತವೆ. ಅದಕ್ಕೂ ಮೇಲೆ, ಗಂಟೆಯ ಕೊನೆಯ ಅಂತಸ್ತಿನಲ್ಲಿ, ಪಟ್ಟಿಯೇ ಇಲ್ಲ. ಅದು 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರ ಶೈಲಿ. 1819ರಲ್ಲಿ ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್ ಹಿಡಿದದ್ದು ಇದೇ ಎಳೆ. ಮೇಲಿನದು ನಾರ್ಮನ್ ಆದರೆ ಕೆಳಗಿನದು ಅದಕ್ಕಿಂತ ಹಳೆಯದೇ ಆಗಬೇಕು. ಮಹಡಿ ಕಟ್ಟಿ ಆಮೇಲೆ ಕೆಳಗಿನ ಮನೆ ಕಟ್ಟೋಕಾಗುತ್ತಾ? ನನ್ನ ನಕ್ಷೆಯಲ್ಲಿ ಪಟ್ಟಿಗಳು ನಿಂತುಹೋಗುವ ಗೆರೆ ಈಗ ನಿಚ್ಚಳವಾಗಿ ಕಾಣುತ್ತದೆ.

ಮಧ್ಯೆ ಒಂದು ದಿನ ಒಳಗೆ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡ ಬೆಳಕು ಬಿಟ್ಟು ನೋಡಿದೆ. ಒಂದು ಕಲ್ಲಿನಲ್ಲಿ ಉಳಿಯ ಗೀರು ಮಳೆಹನಿ ಬಿದ್ದ ಹಾಗೆ ಓರೆಯಾಗಿ ಎದ್ದು ಬಂತು. ಪಕ್ಕದ ಕಲ್ಲು ನುಣ್ಣಗಿತ್ತು. ಫೋಟೋದಲ್ಲಿ ಅದು ಸಿಗಲೇ ಇಲ್ಲ, ಮತ್ತೆ ಪ್ರಯತ್ನ ಮಾಡಬೇಕು.

ಮೊದಲು ಗೋಪುರದ ನೆಲ ಅಂತಸ್ತೇ ಜನ ಸೇರುವ ಜಾಗ. ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಪುಟ್ಟ ಕೋಣೆ. ಪಶ್ಚಿಮದ್ದು ದುಂಡು ಕಿಟಕಿಗಳ ಸಮೇತ ಇವತ್ತಿಗೂ ನಿಂತಿದೆ. ಪೂರ್ವದ್ದನ್ನು ಕೆಡವಿ, ಆಮೇಲೆ ದೊಡ್ಡ ಚರ್ಚನ್ನು ಮತ್ತೆ ಮತ್ತೆ ಕಟ್ಟಿದರು. ಆ ಪೂರ್ವದ ಕೋಣೆಯ ತಳಪಾಯ ಸಿಕ್ಕಿದ್ದು 1978ರಲ್ಲಿ ಶುರುವಾದ ಉತ್ಖನನದಲ್ಲಿ, ಸುಮಾರು 2,800 ಸಮಾಧಿಗಳ ಜೊತೆ. ಹೋದ ಕೋಣೆಯ ಗುರುತು ಹುಡುಕೋಕೆ ಗೋಪುರದ ಪೂರ್ವ ಮುಖಕ್ಕೂ ಇದೇ ಫೋನ್ ತಗೊಂಡು ಹೋಗುತ್ತೇನೆ. ಉತ್ತರದ ಗೋಡೆ ಮುಗಿಯಲಿ, ಅಷ್ಟೇ.