ಹಿಪೊಕ್ಯಾಂಪಸ್ ಅಳೆದ ದಿನಗಳು

"ಇದ್ರಲ್ಲಿ ಅವ್ನ ಕಾಯ್ಲೆ ಎಷ್ಟದೆ ಅಂತ ಕಾಣ್ತದಾ ಡಾಕ್ಟ್ರೇ?"

ಎಂಆರ್‌ಐ ಫಿಲ್ಮಿನ ದೊಡ್ಡ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾಯಿಯೊಬ್ಬರು ವಾರ್ಡಿನಲ್ಲಿ ಹೀಗೆ ಕೇಳಿದಾಗ ನಾನು ಮನೋವೈದ್ಯಶಾಸ್ತ್ರದ ಎಂ.ಡಿ. ಓದುತ್ತಿದ್ದೆ. ಕಾಣಲ್ಲಮ್ಮ ಎಂದೆ. ಗಡ್ಡೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ತೆಗೆಸಿದ ಸ್ಕ್ಯಾನ್ ಅದು, ವರದಿ ನಾರ್ಮಲ್ ಇತ್ತು. ಆದರೆ ನನ್ನ ಥೀಸಿಸ್ಸಿನ ವಿಷಯವೂ ಹೆಚ್ಚುಕಡಿಮೆ ಅವರ ಪ್ರಶ್ನೆಯೇ: ಇಲ್ಲದ ದನಿ ಕೇಳಿಸುವ, ಅನುಮಾನಗಳು ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾದಲ್ಲಿ ಮಿದುಳಿನ ರಚನೆಗೂ ಲಕ್ಷಣಗಳ ತೀವ್ರತೆಗೂ ಎಷ್ಟು ಸಂಬಂಧ?

ಗುಂಪಾಗಿ ನೋಡಿದರೆ ವ್ಯತ್ಯಾಸ ಇದೆ. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟೋನ್, ಟಿಮ್ ಕ್ರೋ ಮತ್ತು ಸಂಗಡಿಗರು ದೀರ್ಘಕಾಲದ ರೋಗಿಗಳ ಸಿಟಿ ಸ್ಕ್ಯಾನ್ ಮಾಡಿ, ಮಿದುಳಿನೊಳಗಿನ ದ್ರವದ ಕುಹರಗಳಾದ ವೆಂಟ್ರಿಕಲ್‌ಗಳು ಹಿಗ್ಗಿರುವುದನ್ನು ತೋರಿಸಿದರು. ಹಲವು ದೇಶಗಳ ಮಿದುಳು ಸಂಶೋಧಕರ ಎನಿಗ್ಮಾ ಒಕ್ಕೂಟ 2016ರಲ್ಲಿ 2028 ರೋಗಿಗಳನ್ನು 2540 ಆರೋಗ್ಯವಂತರ ಜೊತೆ ಹೋಲಿಸಿದಾಗ ಅತಿ ಹೆಚ್ಚು ಕುಗ್ಗಿ ಕಂಡದ್ದು ನೆನಪಿಗೆ ಬೇಕಾದ ಒಳಭಾಗವಾದ ಹಿಪೊಕ್ಯಾಂಪಸ್. ಹಾಗೆಂದು ಒಬ್ಬ ರೋಗಿಯ ಫಿಲ್ಮನ್ನು ಬೆಳಕಿಗೆ ಹಿಡಿದು ಏನನ್ನೂ ಹೇಳಲಾಗದು. ಆರೋಗ್ಯವಂತರಲ್ಲೂ ಚಿಕ್ಕ ಹಿಪೊಕ್ಯಾಂಪಸ್ ಇರುವವರು ಬೇಕಾದಷ್ಟು ಮಂದಿ.

ನಾನು ಅಳೆದದ್ದು ಕೈಯಿಂದ. ಒಂದು ಮಿಲಿಮೀಟರ್ ದಪ್ಪದ ಒಂದೊಂದು ಸ್ಲೈಸಿನಲ್ಲೂ ಮೌಸ್ ಹಿಡಿದು ಅಂಚು ಎಳೆಯಬೇಕು. ಮುಂದಿನ ತುದಿಯಲ್ಲಿ ಅಮಿಗ್ಡಲಾ ಎಂಬ ಇನ್ನೊಂದು ಭಾಗ ಅಂಟಿಕೊಂಡಿರುತ್ತದೆ. ನಡುವಿನ ತೆಳು ಬಿಳಿಗೆರೆ ಒಂದು ಸ್ಲೈಸಿನಲ್ಲಿ ಕಂಡು ಮುಂದಿನದರಲ್ಲಿ ಮಾಯ. ಆಗ ಪಕ್ಕದ ನೋಟಕ್ಕೆ ಹೋಗಿ ಗಡಿ ನಿಶ್ಚಯಿಸಿಕೊಂಡು ಮರಳಿ ಬರುತ್ತಿದ್ದೆ. ಇಡೀ ಅಂಗ ಒಂದು ಬದಿಗೆ ಮೂರು ನಾಲ್ಕು ಘನ ಸೆಂಟಿಮೀಟರ್ ಅಷ್ಟೆ, ಹಾಗಾಗಿ ಅಂಚಿನಲ್ಲಿ ಕೈ ಕೊಂಚ ಜಾರಿದರೂ ಲೆಕ್ಕ ಕೆಡುತ್ತದೆ. ಯಾರ ಸ್ಕ್ಯಾನ್ ಎಂದು ನನಗೆ ತಿಳಿಯದಂತೆ ಜೂನಿಯರ್ ಒಬ್ಬರು ಹೆಸರು ತೆಗೆದು ನಂಬರ್ ಹಾಕಿಕೊಟ್ಟರು. ಕೆಲವನ್ನು ತಿಂಗಳು ಬಿಟ್ಟು ಮತ್ತೆ ಅಳೆದೆ, ಹೆಚ್ಚು ಏರುಪೇರಾಗಲಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ ಇತ್ತು.

ತೊಂದರೆ ಬಂದದ್ದು ತೀವ್ರತೆಯ ಕಡೆಯಿಂದ. ಅದಕ್ಕೆ ಬಳಸುವ ಮಾಪನ ಪ್ಯಾನ್ಸ್, 1987ರಲ್ಲಿ ಬಂದದ್ದು. 30 ಅಂಶಗಳು, ಒಂದೊಂದಕ್ಕೂ 1ರಿಂದ 7 ಅಂಕ, ಅಂಕ ಹೆಚ್ಚಿದಷ್ಟೂ ಲಕ್ಷಣ ತೀವ್ರ. ಅದರಲ್ಲೊಂದು ಅಂಶ ಅಮೂರ್ತವಾಗಿ ಯೋಚಿಸುವ ಕಷ್ಟದ್ದು. ಗಾದೆಗಳ ಅರ್ಥ ಕೇಳಿ ಅಂಕ ಕೊಡಬೇಕು. ನನಗೆ ಸಿಕ್ಕಿದ್ದ ಹಳೆಯ ಪಟ್ಟಿಯಲ್ಲಿ ಇಂಗ್ಲಿಷ್ ಗಾದೆಗಳ ಅನುವಾದವಿತ್ತು. ಮಂಡ್ಯ ಕಡೆಯ ರೈತರೊಬ್ಬರಿಗೆ "ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ ಅಂದ್ರೇನು?" ಎಂದು ಕೇಳಿದೆ.

"ಕಟ್ದೇ ಇದ್ರೆ ಒಳ್ಳೇದೇ ಅಲ್ವಾ ಸಾ? ಕಾಲು ಜಾರಕಿಲ್ಲ."

5 ಹಾಕಿದೆ. ರಾತ್ರಿ ಕೂತು ನೋಡಿದಾಗ ಮನಸ್ಸಿಗೆ ಹಿಡಿಸಲಿಲ್ಲ, ಮರುದಿನ ಹೋಗಿ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರೇನು ಎಂದೆ. "ನಮ್ಮಣ್ಣ ಮಗಳ್ ಮದ್ವೆಗೆ ಚಾಚ್ದ ಸಾ. ಈಗ ಬಡ್ಡಿ ಕಟ್ತಾವ್ನೆ." 5 ಅಂಕದ ಮನುಷ್ಯ ಆಡುವ ಮಾತಾ ಇದು? ಗೈಡ್‌ಗೆ ತೋರಿಸಿ ಪಟ್ಟಿ ಬದಲಿಸಿದೆ. ಎಲ್ಲರಿಗೂ ಒಂದೇ ಹೊಸ ಪಟ್ಟಿ, ಎಲ್ಲವೂ ನಮ್ಮ ಹಟ್ಟಿ ಹೊಲದ ಗಾದೆಗಳು. ಅದಕ್ಕೂ ಮೊದಲು ನೋಡಿದವರ ಆ ಒಂದು ಅಂಕವನ್ನು ಲೆಕ್ಕದಿಂದಲೇ ಬಿಟ್ಟೆ.

ಮುಖದಲ್ಲಿ ಭಾವ ಬತ್ತುವುದು ಇನ್ನೊಂದು ಅಂಶ. ಕಾಯಿಲೆಯಿಂದಲೂ ಬತ್ತುತ್ತದೆ, ಔಷಧಿಯಿಂದ ಸ್ನಾಯು ಬಿಗಿದರೂ ಹಾಗೆಯೇ ಕಾಣುತ್ತದೆ. ಹಾಗಾಗಿ ಅಂಕ ಹಾಕುವ ಮೊದಲು ಮೊಣಕೈ ಮಡಿಸಿ ಬಿಗಿತ ನೋಡುವುದನ್ನು ರೂಢಿ ಮಾಡಿಕೊಂಡೆ. ಔಷಧಿಯ ತಕರಾರು ಸ್ಕ್ಯಾನಿನಲ್ಲೂ ಇದೆ: ಲಕ್ಷಣ ಹೆಚ್ಚಿದ್ದವರಿಗೆ ಡೋಸೂ ಹೆಚ್ಚು, ಆ ಡೋಸಿಗೂ ಮಿದುಳಿನ ಅಳತೆಗೂ ನಂಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಔಷಧಿ ಇನ್ನೂ ಶುರುವಾಗದ ರೋಗಿಗಳ ಸ್ಕ್ಯಾನ್‌ಗಳನ್ನು ಅಧ್ಯಯನ ಮಾಡಿದ್ದರ ಬೆಲೆ ನನಗೆ ಆಗ ತಿಳಿಯಿತು.

ಎಲ್ಲ ಸೇರಿಸಿದಾಗ ಒಟ್ಟು ಅಂಕಕ್ಕೂ ಹಿಪೊಕ್ಯಾಂಪಸ್‌ಗೂ ಏನೂ ಸಿಗಲಿಲ್ಲ. ಭಾವ, ಆಸಕ್ತಿ ಬತ್ತುವಂಥ ನೆಗೆಟಿವ್ ಲಕ್ಷಣಗಳ ಅಂಕಕ್ಕೂ ಎಡಗಡೆಯ ಗಾತ್ರಕ್ಕೂ ತೆಳುವಾದ ಸಂಬಂಧ ಕಂಡಿತು. ಖುಷಿಯಾಯಿತು. ಗೈಡ್ ಒಂದೇ ಮಾತು ಕೇಳಿದರು: "ಅಲುಗಾಡಿದವ್ರನ್ನ ತೆಗೆದು ನೋಡಿದ್ಯಾ?" ಯಂತ್ರದೊಳಗೆ ತಲೆ ಅಲುಗಿದರೆ ಚಿತ್ರ ಮಸುಕಾಗಿ ಮಿದುಳಿನ ಬೂದುಭಾಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಚಡಪಡಿಕೆ ಇದ್ದವರು, ಆ ಸದ್ದಿನ ನಡುವೆಯೂ ಇಲ್ಲದ ದನಿ ಕೇಳಿ ಬೆಚ್ಚಿದವರು ಹೆಚ್ಚು ಅಲುಗಿದ್ದರು. ಅವರ ಸ್ಕ್ಯಾನ್ ತೆಗೆದಿಟ್ಟು ಲೆಕ್ಕ ಹಾಕಿದಾಗ ಸಂಬಂಧ ಇನ್ನಷ್ಟು ತೆಳುವಾಯಿತು. ಎರಡೂ ಲೆಕ್ಕವನ್ನು ಥೀಸಿಸ್ಸಿನಲ್ಲಿ ಅಕ್ಕಪಕ್ಕ ಬರೆದೆ.

ಫಿಲ್ಮ್ ಹಿಡಿದಿದ್ದ ಆ ತಾಯಿಯ ಮಗನೂ ನನ್ನ ಅಧ್ಯಯನದಲ್ಲಿದ್ದ. ಜನರಿಂದ ದೂರ ಉಳಿಯುವುದಕ್ಕೆ ಪ್ಯಾನ್ಸ್‌ನಲ್ಲಿ ಎರಡು ಅಂಶಗಳಿವೆ: ಆಸಕ್ತಿಯಿಲ್ಲದೆ ದೂರವಾಗುವುದು ಒಂದು, ಹೆದರಿಕೆ ಅನುಮಾನಗಳಿಂದ ತಪ್ಪಿಸಿಕೊಳ್ಳುವುದು ಇನ್ನೊಂದು. ಅವನ ಮಾತಿನಿಂದ ಯಾವುದೆಂದು ತಿಳಿಯಲಿಲ್ಲ. ಮನೆಗೆ ನೆಂಟರು ಬಂದರೆ ಏನು ಮಾಡುತ್ತಾನೆ ಎಂದು ತಾಯಿಯನ್ನು ಕೇಳಿದೆ.

"ಮೊದ್ಲು ಹೆದ್ರಿ ಅಟ್ಟ ಹತ್ತೋನು ಸಾ. ಈಗ ಹತ್ತೋದಿಲ್ಲ, ಅಲ್ಲೇ ಕೂತಿರ್ತಾನೆ. ಬಂದೋರ್ನ ಕಣ್ಣೆತ್ತಿ ನೋಡೋದೂ ಇಲ್ಲ."

ಫಾರಂ ತೆರೆದು ಒಂದು ಅಂಕ ಇಳಿಸಿದೆ, ಇನ್ನೊಂದನ್ನು ಏರಿಸಿದೆ.