ವರ್ಷಗಟ್ಟಲೆ ನಿಂತ ಪದ್ಮಿನಿಯನ್ನು ಸ್ಟಾರ್ಟ್ ಮಾಡುವ ಮುನ್ನ

ಶೆಡ್ಡಿನಲ್ಲಿ ಐದಾರು ವರ್ಷ ನಿಂತ ಪ್ರೀಮಿಯರ್ ಪದ್ಮಿನಿ ಕಾರಿಗೆ ಹೊಸ ಬ್ಯಾಟರಿ ಹಾಕಿದ ಕೂಡಲೇ ಸೆಲ್ಫ್ ಹೊಡೆಯಬೇಡಿ. ಅದರ 1089 ಸಿಸಿ ಎಂಜಿನ್ ಗಟ್ಟಿಮುಟ್ಟು, ನಿಜ. ಆದರೆ ಸಿಲಿಂಡರ್ ಗೋಡೆಯ ಎಣ್ಣೆ ಎಂದೋ ಇಳಿದುಹೋಗಿರುತ್ತದೆ, ಪಿಸ್ಟನ್ ರಿಂಗ್‌ಗಳು ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಸೆಲ್ಫಿನ ಬಲಕ್ಕೆ ರಿಂಗ್ ಮುರಿದು ಬೋರ್ (ಸಿಲಿಂಡರಿನ ಒಳಮೈ) ಗೀರಿದರೆ ಮುಂದಿನದು ಅದನ್ನು ಮತ್ತೆ ಕೊರೆಸುವ ರೀಬೋರ್ ಖರ್ಚೇ. ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಎಣ್ಣೆ, ಆಮೇಲೆ ಕಿಡಿ. ಪೆಟ್ರೋಲ್ ಕಟ್ಟಕಡೆಗೆ.

ನಾಲ್ಕೂ ಪ್ಲಗ್ ಬಿಚ್ಚಿ. ಹೆಡ್ ಅಲ್ಯೂಮಿನಿಯಂನದು, ಬಿಗಿಯಾಗಿದ್ದರೆ ಜಗ್ಗಾಡದೆ ರಸ್ಟ್ ಸ್ಪ್ರೇ ಹಾಕಿ ಒಂದು ರಾತ್ರಿ ಬಿಡಿ, ಇಲ್ಲವಾದರೆ ಪ್ಲಗ್ ಜೊತೆ ಹೆಡ್ಡಿನ ಮರೆಯೂ (ಥ್ರೆಡ್) ಕಿತ್ತು ಬರುತ್ತದೆ. ಪ್ರತಿ ಸಿಲಿಂಡರಿಗೆ ಸುಮಾರು 20 ಮಿ.ಲೀ. ಎಂಜಿನ್ ಆಯಿಲ್ ಮತ್ತು ಡೀಸೆಲ್ ಸಮಪಾಲು ಬೆರೆಸಿ ಬಿಟ್ಟು, ಎರಡು ಮೂರು ದಿನ ನೆನೆಯಲು ಬಿಡಿ. ನಂತರ ಟಾಪ್ ಗೇರ್ ಹಾಕಿ ಇಬ್ಬರು ಸೇರಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತೂಗಾಡಿಸಿ. ಅಲುಗದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಹಗ್ಗ ಕಟ್ಟಿ ಎಳೆಸುವುದಂತೂ ಬೇಡವೇ ಬೇಡ.

ಎಂಜಿನ್ ಸಲೀಸಾಗಿ ಎರಡು ಸುತ್ತು ಬಂದರೆ ಅರ್ಧ ಗೆದ್ದಂತೆ. ಟಪೆಟ್ ಕವರ್ ತೆಗೆದು ವಾಲ್ವ್ ಒತ್ತುವ ಎಲ್ಲ ಎಂಟು ರಾಕರ್‌ಗಳೂ ಏರಿಳಿಯುತ್ತಿವೆಯೇ ನೋಡಿ. ಅಂಟಿಕೊಂಡ ವಾಲ್ವ್ ಪುಶ್‌ರಾಡನ್ನು ಬಗ್ಗಿಸಿಬಿಡುತ್ತದೆ. ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯೂ-50 ಮಿನರಲ್ ಆಯಿಲ್ ತುಂಬಿ. ಈಗ ಗೇರ್ ನ್ಯೂಟ್ರಲ್‌ಗೆ ತಂದು, ಪ್ಲಗ್ ಹಾಕದೆ, ಕಾಯಿಲ್ ವೈರ್ ಬಿಚ್ಚಿಟ್ಟು ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಸಿಲಿಂಡರಿನಲ್ಲಿ ಉಳಿದ ಎಣ್ಣೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ, ಮೇಲೆ ಹಳೆಬಟ್ಟೆ ಹೊದಿಸಿ. ಆಯಿಲ್ ಲ್ಯಾಂಪ್ ಆರುವವರೆಗೂ ಮುಂದಿನ ಹೆಜ್ಜೆ ಇಲ್ಲ.

ಈ ಕಾರುಗಳಲ್ಲಿ ನೂರಕ್ಕೆ ತೊಂಬತ್ತು ತಲೆನೋವು ಪಾಯಿಂಟಿನದೇ (ಕಿಡಿಗಾಗಿ ಕರೆಂಟ್ ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು) ಎಂದರೆ ತಪ್ಪಾಗದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟನ್ನು ಬೆರಳಿಂದ ಬಿಡಿಸಿ ನೋಡಿ: ಎರಡೂ ಮುಖದ ಮೇಲೆ ಬೂದಿಬಣ್ಣದ ಪೊರೆ ಕಟ್ಟಿರುತ್ತದೆ. ಕಣ್ಣಿಗೆ ಅಲ್ಪ, ಆದರೆ ಕರೆಂಟಿಗೆ ಅದೇ ಗೋಡೆ. ನುಣುಪು ಎಮರಿ ಪೇಪರಿನಿಂದ ಎರಡೇ ಎರಡು ಸಲ ಉಜ್ಜಿ, ಒಣ ವಿಸಿಟಿಂಗ್ ಕಾರ್ಡನ್ನು ನಡುವೆ ಸಿಕ್ಕಿಸಿ ಎಳೆದು ಪುಡಿ ತೆಗೆಯಿರಿ. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಇದ್ದರೆ ಉಜ್ಜಿ ಪ್ರಯೋಜನವಿಲ್ಲ. ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬದಲಿಸಿ. ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿನ ಮೂಲೆಯ ಮೇಲೆ ಸರಿಯಾಗಿ ಕೂತಾಗ ಗ್ಯಾಪ್ 0.45 ಮಿ.ಮೀ. ಇರಲಿ. ಫೀಲರ್ ಗೇಜ್ ಬ್ಲೇಡ್ ಹಗುರವಾಗಿ ತಡೆದು ಜಾರಬೇಕು. ಸ್ಕ್ರೂ ಬಿಗಿದಾಗ ಗ್ಯಾಪ್ ಸರಿಯುತ್ತದೆ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಪ್ಲಗ್ ವೈರ್ ಕ್ರಮ 1-3-4-2.

ಟ್ಯಾಂಕಿನ ಹಳೆಯ ಪೆಟ್ರೋಲ್ ನಂಬಬೇಡಿ. ಅಂಟಾಗಿ ಕಾರ್ಬೊರೇಟರ್ ಜೆಟ್ ಕಟ್ಟುತ್ತದೆ. ಕಾರ್ಬೊರೇಟರ್ ತೊಳೆದು, ಒಂದು ಲೀಟರಿನ ಕ್ಯಾನಿನಿಂದ ನೇರ ಎಂಜಿನ್ನಿನ ಫ್ಯೂಯಲ್ ಪಂಪಿಗೆ ಪೈಪ್ ಕೊಡಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುವುದರಿಂದ ಪೈಪ್ ಮತ್ತು ಪಂಪಿನ ಡಯಾಫ್ರಮ್ ಹೊಸದಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕುವವರು ಹಳೆಯ ಸ್ಯಾಂಪಲ್ ಕೈಯಲ್ಲಿ ಹಿಡಿದೇ ಹೋಗಿ.

ರೇಡಿಯೇಟರಿಗೆ ಕೂಲಂಟ್ ತುಂಬಿ, ಬಕೆಟ್ ಮರಳು ಪಕ್ಕದಲ್ಲಿಟ್ಟುಕೊಂಡು, ಶೆಡ್ಡಿನ ಬಾಗಿಲು ತೆರೆದು, ಚೋಕ್ ಎಳೆದು ಸ್ಟಾರ್ಟ್ ಮಾಡಿ. ಮೊದಲ ಐದು ನಿಮಿಷ ನೀಲಿ ಹೊಗೆ ಬಂದರೆ ಗಾಬರಿ ಬೇಡ, ನಾವೇ ಬಿಟ್ಟ ಎಣ್ಣೆ ಅದು. ಆಫ್ ಮಾಡಿ ಡಿಪ್‌ಸ್ಟಿಕ್ ಮೂಸಿ: ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಏರಿದ್ದರೆ, ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತಿದೆ. ಅಲ್ಲಿಗೇ ನಿಲ್ಲಿಸಿ, ಪಂಪ್ ಸರಿಮಾಡಿ, ಆಯಿಲ್ ಮತ್ತೆ ಬದಲಿಸಿ.

ಎಂಜಿನ್ ಎದ್ದಿತೆಂದು ರಸ್ತೆಗೆ ಇಳಿಯುವಂತಿಲ್ಲ. ನಾಲ್ಕೂ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ನೋಡಿ, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಹೊಸ ಪಾಯಿಂಟ್ ಹಾಕಿದ್ದರೆ 300–500 ಕಿ.ಮೀ. ಓಡಿದ ಮೇಲೆ ಗ್ಯಾಪ್ ಮತ್ತೆ ಅಳೆಯಿರಿ. ಅಷ್ಟರಲ್ಲಿ ಫೈಬರ್ ಸವೆದು ಗ್ಯಾಪ್ ಕಿರಿದಾಗಿರುತ್ತದೆ.